ಹೊಳೆ ಮೀನು

ಕಾಯಿಲೆಯೇ ಇಲ್ಲದ ಮೀನುಗಳಿಗೆ ಸಣ್ಣೇಗೌಡ ದಿನವೂ ಮೇವಿನಲ್ಲಿ ಆ್ಯಂಟಿಬಯೋಟಿಕ್ ಪುಡಿ ಕಲಸಿ ಹೊಂಡಕ್ಕೆ ಸುರಿಯುತ್ತಿದ್ದ.

"ಇದನ್ನ ತಿಂದೋರ ಗತಿ ಏನು ಗೌಡ್ರೇ?" ಸಂತೆಗೆ ಮೀನು ಒಯ್ಯಲು ಬಂದ ಜವರಮ್ಮ ಕೇಳಿದಳು.

"ತಿನ್ನೋರು ಸಂತೆ ಜನ ಕಣಮ್ಮಿ, ನಾವಲ್ಲ. ನಮ್ಮನೇಲಿ ಹೊಳೆ ಮೀನು ಬಿಟ್ರೆ ಬೇರೆ ಮುಟ್ಟಲ್ಲ. ನೀನೂ ಹೊಳೆ ಮೀನು ಅಂತ್ಲೇ ಕೂಗಿ ಮಾರು. ಆ ದಡ್ಡ ಮುಂಡೇವಕ್ಕೆ ಏನ್ ಗೊತ್ತಾಯ್ತದೆ?"

ತಿಂಗಳೊಳಗೆ ಗೌಡನ ಹೆಂಡತಿ ಆಸ್ಪತ್ರೆ ಸೇರಿದಳು. ಮೀನು ಉಜ್ಜುವಾಗ ಮುಳ್ಳು ಚುಚ್ಚಿದ ಕೈ ಮೊಣಕೈವರೆಗೆ ಬಾತಿತ್ತು.

"ಈ ಬ್ಯಾಕ್ಟೀರಿಯಾ ಯಾವ ಔಷಧಿಗೂ ಜಗ್ತಿಲ್ಲ. ಔಷಧಿ ಸುರಿದು ಸಾಕಿದ ಹೊಂಡದ ಮೀನಿರಬೇಕು," ಎಂದರು ಡಾಕ್ಟರು.

"ಥೂ, ಅಂಥ ಹೊಲಸು ನಮ್ಮನೆಗೆ ಬರಲ್ಲ!" ಗೌಡ ಮೀಸೆ ತಿರುವಿದ.

"ಹೂಂ ಡಾಕ್ಟ್ರೇ, ಹೊಳೆ ಮೀನೇ," ನರಳುತ್ತಲೇ ಹೆಂಡತಿ ದನಿಗೂಡಿಸಿದಳು. "ಸಂತೇಲಿ ಜವರಮ್ಮ ಆಣೆ ಇಟ್ಟು ಕೊಟ್ಲು."