ತೋಳಿನೊಳಗಿನ ಮೂರು ವರ್ಷ

"ಮದುವೆ ಯಾವಾಗ?" ಮಾಸ್ಟರಕ್ಕ ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಲೇ ಕೇಳಿದಳು. ಆ ಹೊಲಿಗೆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದ ಒಬ್ಬಳೇ ಹೆಂಗಸು ಅವಳು. ಕೆಲಸ ಕಲಿಸಿ ಕತ್ತರಿ ಒಪ್ಪಿಸಲು ಒಬ್ಬಳನ್ನು ಹುಡುಕುತ್ತಿದ್ದಳು. ಎದುರಿಗೆ ನಿಂತಿದ್ದವಳು ಐದು ವರ್ಷದಿಂದ ಅಂಗಿಗಳಿಗೆ ಕಾಲರ್ ಹೊಲಿಯುತ್ತಿದ್ದ ಹುಡುಗಿ.

"ಬರೋ ತಿಂಗಳು, ಮಾಸ್ಟರಕ್ಕ."

"ಹಾಗಾದ್ರೆ ಆಗಲ್ಲ. ಈ ಕೆಲಸ ಕೈಗೆ ಹತ್ತೋಕೆ ಮೂರು ವರ್ಷ ಬೇಕು. ಮೂವರಿಗೆ ಕಲಿಸೋಕೆ ಹೋದೆ, ಮೂವರೂ ಅರ್ಧಕ್ಕೇ ಬಿಟ್ಟು ತೊಟ್ಟಿಲು ತೂಗೋಕೆ ಹೋದ್ರು. ಮದುವೆ ಮುಂದಕ್ಕೆ ಹಾಕು, ಇಲ್ಲಾ ಕಾಲರ್ ಹೊಲ್ಕೊಂಡಿರು."

ಹುಡುಗಿಗೆ ಅಳು ಬಂದಂತಾಯಿತು. ಆದರೂ ಜಾಗ ಬಿಟ್ಟು ಕದಲಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ, ಎಡತೋಳಿನ ಬಟ್ಟೆ ಮೇಲಕ್ಕೆ ಸರಿಸಿದಳು. "ಇಲ್ಲಿ ಮುಟ್ಟಿ ನೋಡಿ."

ಕಣ್ಣು ಮುಚ್ಚಿ ಸವರಿದರೂ ಬಟ್ಟೆಯಲ್ಲಿ ಎಳೆ ತಪ್ಪಿದ್ದನ್ನು ಹೇಳಬಲ್ಲ ಬೆರಳುಗಳು ಮಾಸ್ಟರಕ್ಕನವು. ಚರ್ಮದಡಿ ಬೆಂಕಿಕಡ್ಡಿಯಂಥದ್ದೇನೋ ಸಿಕ್ಕಿತು.

"ಏನೇ ಇದು?"

"ಆಸ್ಪತ್ರೇಲಿ ಹಾಕ್ತಾರೆ. ಮೂರು ವರ್ಷ ಮಕ್ಕಳಾಗಲ್ಲ. ಬೇಕು ಅನ್ಸಿದಾಗ ತೆಗೆಸ್ಬಹುದು."

"ನೋವು?"

"ಇರುವೆ ಕಚ್ಚಿದಷ್ಟು."

"ಹುಡುಗನಿಗೆ ಗೊತ್ತಾ?"

"ಜೊತೇಲೇ ಬಂದಿದ್ರು. ಸೂಜಿ ನೋಡಿ ಅವರೇ ತಲೆ ತಿರುಗಿ ಕೂತ್ಬಿಟ್ರು."

ಮಾಸ್ಟರಕ್ಕ ಗೊಳ್ಳೆಂದು ನಕ್ಕಳು. "ಅತ್ತೆ?"

"ಹೇಳಿಲ್ಲ. ಅತ್ತೆ ಬಂದು ತೋಳು ಒತ್ತಿ ನೋಡ್ತಾರಾ?"

ಮಾಸ್ಟರಕ್ಕ ಮಾತ್ರ ಆ ಕಡೆಯಿಂದೊಮ್ಮೆ ಈ ಕಡೆಯಿಂದೊಮ್ಮೆ ಒತ್ತಿ ನೋಡುತ್ತಲೇ ಇದ್ದಳು. ಬಿಟ್ಟಿದ್ದರೆ ಟೇಪು ಹಿಡಿದು ಅಳೆದೇ ಬಿಡುತ್ತಿದ್ದಳೇನೋ.

"ಸರಿ. ನಾಳೆ ಎಂಟು ಗಂಟೆಗೆ ಈ ಮೇಜಿನ ಹತ್ತಿರ ಇರ್ಬೇಕು. ತಡ ಮಾಡಿದ್ಯೋ, ಮತ್ತೆ ಕಾಲರ್ರೇ ಗತಿ."

ಹುಡುಗಿಗೆ ಕುಣಿಯುವಷ್ಟು ಖುಷಿ. ಅವಳು ಬಾಗಿಲು ದಾಟುವಷ್ಟರಲ್ಲಿ ಮಾಸ್ಟರಕ್ಕ ಮತ್ತೆ ಕೂಗಿದಳು.

"ಲೇ, ಹಾಕೋಕೆ ಎಷ್ಟು ಹೊತ್ತಾಯ್ತೇ?"

"ಐದು ನಿಮಿಷ, ಅಷ್ಟೇ."

ಮದುವೆಯೇ ಬೇಡವೆಂದು ಕೂತ ಗಟ್ಟಿಗಿತ್ತಿ ಎಂದು ಕಾರ್ಖಾನೆಯಲ್ಲೆಲ್ಲ ಮಾಸ್ಟರಕ್ಕನ ಹೆಸರು. ಅವಳೀಗ ಸೀಮೆಸುಣ್ಣ ಕೆಳಗಿಟ್ಟಳು.

"ನಮ್ಮ ಮಾಸ್ಟರೂ ನನಗೆ ಇದೇ ಷರತ್ತು ಹಾಕಿದ್ರು. 'ನೀನು ಕಲಿಯೋವರೆಗೂ ಕಾಯ್ತೀನಿ' ಅಂದಿದ್ದ ಒಬ್ಬ," ಎಂದಳು. "ಪಾಪ, ಎರಡು ವರ್ಷ ಕಾದ."