ಬಚ್ಚಲ ಕಿಟಕಿಯ ಫಿಲ್ಮು

"ಮಗಳ ಹಳೇ ಸ್ಕ್ಯಾನ್ ತಂದ್ರಾ?" ಡಾಕ್ಟರಮ್ಮ ಕೈಚಾಚಿದರು.

ಬಡಗಿ ಸುತ್ತಿದ್ದ ಪೇಪರು ಬಿಚ್ಚಿ ಫಿಲ್ಮನ್ನು ಮೇಜಿನ ಮೇಲಿಟ್ಟ. ನಾಲ್ಕೂ ಮೂಲೆಯಲ್ಲಿ ಮೊಳೆಯ ತೂತು. ನಡುವೆಲ್ಲ ಕಪ್ಪು.

"ಏನ್ರೀ ಇದು?"

"ಬಚ್ಚಲಮನೆ ಕಿಟಕಿ ಗಾಜು ಒಡೆದಿತ್ತು, ಮೇಡಂ. ದಪ್ಪಗಿದೆ, ನೀರಿಗೆ ಹಾಳಾಗಲ್ಲ ಅಂತ ಇದನ್ನೇ ಹೊಡೆದುಬಿಟ್ಟೆ. ಎರಡು ವರ್ಷ ಬಿಸಿಲು ಕುಡಿದಿದೆ. ನನ್ನವಳು ಗಾಜು ಹಾಕು ಅಂತ ದಿನಾ ಬಡ್ಕೋತಿದ್ಲು."

ಡಾಕ್ಟರಮ್ಮ ಅದನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಏನೂ ಕಾಣಲಿಲ್ಲ. ಪಕ್ಕದಲ್ಲಿ ಇವತ್ತಿನ ಚಿತ್ರ ಬೆಳಗುತ್ತಿತ್ತು. ತಲೆಯ ಹಿಂಭಾಗದ ಚಿಕ್ಕಮೆದುಳನ್ನು ಅವರು ಪೆನ್ನಿನಿಂದ ತೋರಿಸಿದರು.

"ಇದು ಇರಬೇಕಾದ್ದಕ್ಕಿಂತ ಸಣ್ಣಗಿದೆ. ಎರಡು ಕಾಯಿಲೇಲಿ ಹೀಗಾಗುತ್ತೆ. ಹೊರಗಿಂದ ಎರಡೂ ಒಂದೇ ಥರ, ತೂರಾಡೋದು, ಕೈ ನಡುಗೋದು. ಒಂದರಲ್ಲಿ ಹುಟ್ಟಿದಾಗಿಂದ್ಲೇ ಸಣ್ಣದು. ಹಾಗೇ ಇರುತ್ತೆ, ಮಗು ನಿಧಾನಕ್ಕೆ ಕಲಿಯುತ್ತೆ. ಇನ್ನೊಂದರಲ್ಲಿ ವರ್ಷ ವರ್ಷ ಕರಗ್ತಾ ಹೋಗುತ್ತೆ. ಹಳೇದನ್ನ ಪಕ್ಕದಲ್ಲಿಟ್ಟು ಅಳೆದಿದ್ರೆ ಯಾವುದು ಅಂತ ಗೊತ್ತಾಗ್ತಿತ್ತು."

"ಕರಗ್ತಿದ್ರೆ?"

"ಮೊದಲು ನಡಿಗೆ ಹೋಗುತ್ತೆ."

ಆಮೇಲೇನು ಹೋಗುತ್ತದೆಂದು ಅವನು ಕೇಳಲಿಲ್ಲ. ಮೈ ಉರಿದುಹೋಯಿತು. "ಸ್ಕ್ಯಾನ್ ತೆಗೆದೋರು ತಮ್ಮ ಹತ್ರ ಒಂದು ಇಟ್ಕೊಳ್ಳೋಕೆ ಏನು ರೋಗ?"

"ಆ ಸೆಂಟರೇ ಮುಚ್ಚಿಹೋಯ್ತಲ್ಲಪ್ಪ. ಒಂದು ವರ್ಷ ಬಿಟ್ಟು ಮತ್ತೆ ತೆಗೆಯೋಣ. ಅಲ್ಲೀವರೆಗೆ ನಡಿಗೆ ನೋಡ್ತಾ ಇರಬೇಕು. ಹೋದ ವರ್ಷಕ್ಕಿಂತ ಜಾಸ್ತಿ ತೂರಾಡ್ತಾಳಾ?"

ಬಾಗಿಲ ಚೌಕಟ್ಟು ನೂಲೆಳೆಯಷ್ಟು ವಾಲಿದರೂ ಕಣ್ಣಳತೆಯಲ್ಲೇ ಹಿಡಿಯುವವನು ಅವನು. ಮಗಳು ಹೋದ ವರ್ಷ ಹೇಗೆ ನಡೆಯುತ್ತಿದ್ದಳೆಂದು ನೆನಪಾಗಲಿಲ್ಲ.

"ನೀವೇ ನೋಡಿ ಹೇಳಿ ಮೇಡಂ. ಗುಬ್ಬೀ, ಬಾರಮ್ಮ ಇಲ್ಲಿ."

ಹೊರಗಿನ ಬೆಂಚಿನಿಂದ ಏಳು ವರ್ಷದ ಮಗಳು ಇಳಿದಳು. ದಿನವೂ ಅಪ್ಪನ ಬಳಿ ಬರುವ ಹಾಗೆಯೇ ಎರಡೂ ಕೈ ಅಗಲಿಸಿ, ಅತ್ತಿತ್ತ ವಾಲುತ್ತ, ನಗುತ್ತ ಬಂದಳು. ನಾಲ್ಕು ಹೆಜ್ಜೆ ಇಟ್ಟಿರಬೇಕು. ದೊಡ್ಡವರಿಬ್ಬರೂ ಉಸಿರು ಬಿಗಿಹಿಡಿದು ತನ್ನ ಪಾದಗಳನ್ನೇ ನೋಡುತ್ತಿರುವುದು ಕಂಡು ನಗು ನಿಂತಿತು. ಮುಖ ಕೆಂಪಾಯಿತು. ಪಕ್ಕದ ಗೋಡೆಯನ್ನು ಹಿಡಿದುಕೊಂಡಳು.

ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದರು.

"ಮುಂಚೆ ಗೋಡೆ ಹಿಡೀತಿದ್ಲಾ?"