ದುಭಾಷಿ

ಪರದೇಶದ ಬೇಕರಿಯಲ್ಲಿ ಎರಡು ವರ್ಷ ದುಡಿದು ದಣಿದಿದ್ದ ಕತೆಗಾರ ಸಂಗಮೇಶನಿಗೆ ಅದು ಕೊನೆಯ ವಿಚಾರಣೆ. ಆಶ್ರಯ ಸಿಗಬೇಕೆಂದರೆ, ಗಂಡಸನ್ನು ಪ್ರೀತಿಸಿದ್ದಕ್ಕೇ ಊರು ಬಿಡಬೇಕಾಯಿತೆಂದು ಅವನು ರುಜುವಾತು ಮಾಡಬೇಕಿತ್ತು.

“ಪುರಾವೆ ಏನಿದೆ?” ಎಂದ ಅಧಿಕಾರಿ.

ಉಳಿದಿದ್ದುದು ಊರಲ್ಲಿ ಅಚ್ಚಾಗಿದ್ದ ಒಂದು ಕತೆ. ಅವನದೇ ಪ್ರೇಮದ ಕತೆ. ಅಂಜಿಕೆಯಿಂದ ಗೆಳೆಯನನ್ನು ಹೆಣ್ಣಾಗಿಸಿ ಬರೆದಿದ್ದ.

ದುಭಾಷಿಯಾಗಿ ಬಂದಿದ್ದ ಧಾರವಾಡದ ಹಿರಿಯ ಹೆಂಗಸು ಅದನ್ನು ಮನಸ್ಸಿನಲ್ಲೇ ಓದಿಕೊಂಡರು. “ಇದರಾಗ ಹುಡುಗಿ ಅದಾಳಲ್ಲೋ ತಮ್ಮಾ,” ಎಂದರು ಕನ್ನಡದಲ್ಲಿ.

“ಹಂಗ ಬರೀಲಿಲ್ಲಂದ್ರ ಯಾರೂ ಅಚ್ಚು ಹಾಕ್ತಿದ್ದಿಲ್ಲ, ಯವ್ವಾ.”

“ಏನಂತೆ?” ಎಂದ ಅಧಿಕಾರಿ.

“ಅಕ್ಷರ ಸಣ್ಣವು,” ಎಂದು ಕನ್ನಡಕ ಸರಿಪಡಿಸಿಕೊಂಡ ಆಕೆ, ‘ಅವಳು’ ಎಂದಿದ್ದಲ್ಲೆಲ್ಲ ‘ಅವನು’ ಎನ್ನುತ್ತ ಕತೆಯನ್ನು ಇಂಗ್ಲಿಷಿನಲ್ಲಿ ಓದತೊಡಗಿದರು.